ಕಂಪೈಲರ್ ಸುಮ್ಮನಿದ್ದ ಜಾಗ: ಒಂದು ಹಳೆಯ ಪಾರ್ಸರಿನ ದುರಸ್ತಿ

ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಒಂದು ಪುಟ್ಟ ಪ್ರೋಗ್ರಾಂ ಓಡುತ್ತಿತ್ತು. ಯೂನಿಕೋಡ್ ಬಳಕೆಗೆ ಬರುವ ಮೊದಲು ಫಾಂಟ್ ಸಂಕೇತದಲ್ಲಿ ಅಕ್ಷರ ಜೋಡಿಸಿದ್ದ ಹಳೆಯ ಕನ್ನಡ ಪುಸ್ತಕಗಳನ್ನು ಯೂನಿಕೋಡಿಗೆ ತರುವುದು ಅದರ ಕೆಲಸ. ಆ ಕಾಲದ ಫಾಂಟುಗಳು ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತಿದ್ದವು. ‘ಧರ್ಮ’ ಎಂದು ಬರೆಯಬೇಕಾದರೆ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ರಕಾರ ಮತ್ತು ಹಲಂತ ಚಿಹ್ನೆ ಮಕಾರಕ್ಕಿಂತ ಮೊದಲು ಬರಬೇಕು. ಇಂಥ ಅದಲುಬದಲುಗಳನ್ನೆಲ್ಲ ಒಂದು ನಿಯಮಗಳ ಫೈಲಿನಲ್ಲಿ ಬರೆದಿಟ್ಟಿದ್ದರು. ಎಡಗಡೆ ಹಳೆಯ ಸಂಕೇತ, ನಡುವೆ ಬಾಣ, ಬಲಗಡೆ ಯೂನಿಕೋಡ್ ಅಕ್ಷರ, ಬೇಕಿದ್ದರೆ ಕೊನೆಯಲ್ಲಿ ‘ಪದದ ತುದಿಯಲ್ಲಿ ಮಾತ್ರ’ ಎಂಬಂಥ ಷರತ್ತು. ಆ ನಿಯಮಗಳನ್ನು ಓದಿ ಅರ್ಥ ಮಾಡಿಕೊಳ್ಳುವ ಪಾರ್ಸರನ್ನು ಯಾಕ್ ಮತ್ತು ಲೆಕ್ಸ್ ಎಂಬ ಜೋಡಿ ಸಾಧನಗಳಿಂದ ಕಟ್ಟಿದ್ದರು. ಸಾಲನ್ನು ತುಣುಕುಗಳಾಗಿ ಬಿಡಿಸುವ ಲೆಕ್ಸರನ್ನು ಲೆಕ್ಸ್, ಆ ತುಣುಕುಗಳನ್ನು ಜೋಡಿಸಿ ಅರ್ಥ ಮಾಡುವ ಪಾರ್ಸರನ್ನು ಯಾಕ್, ಸಿ ಭಾಷೆಯಲ್ಲಿ ಹುಟ್ಟಿಸಿಕೊಡುತ್ತವೆ.

ಹಳೆಯ 32 ಬಿಟ್ ಯಂತ್ರ ಕೆಟ್ಟಿತು. ಹೊಸ ಯಂತ್ರದಲ್ಲಿದ್ದ ಜಿಸಿಸಿ 14 ಎಂಬ ಕಂಪೈಲರ್ (ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಸಾಧನ) ಆ ಪ್ರೋಗ್ರಾಮನ್ನು ಕಟ್ಟಲು ಒಪ್ಪಲಿಲ್ಲ. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಯುವಕ ಎರಡು ದಿನ ಕುಳಿತು ಹೇಗೋ ಕಟ್ಟಿಸಿದ್ದ. ಕಟ್ಟಿದ್ದು ಓಡಲಿಲ್ಲ. ನಿಯಮದ ಫೈಲಿನ ಮೊದಲ ಸಾಲನ್ನು ಓದುತ್ತಲೇ ‘ಸೆಗ್ಮೆಂಟೇಶನ್ ಫಾಲ್ಟ್’ (ಮೆಮೊರಿಯಲ್ಲಿ ಹೋಗಬಾರದ ಜಾಗಕ್ಕೆ ಹೋದೆ) ಎಂದು ಬೀಳುತ್ತಿತ್ತು. ನನ್ನನ್ನು ಕರೆದದ್ದು ಆಗ. “ಸರ್, ಈಗ ಎಚ್ಚರಿಕೆ ಒಂದೂ ಬರುತ್ತಿಲ್ಲ, ಆದರೂ ಯಾಕೆ ಬೀಳುತ್ತಿದೆ?” ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ. ಈ ಬರಹದಲ್ಲಿರುವುದೆಲ್ಲ ಅದಕ್ಕೆ ಉತ್ತರವೇ.

ಪ್ರೋಗ್ರಾಂ ಕಟ್ಟುವ ಕ್ರಮವನ್ನು ಬರೆದಿಡುವ ಮೇಕ್‌ಫೈಲಿನಲ್ಲಿ ಅವನು ಮೂರು ಆಯ್ಕೆಗಳನ್ನು ಸೇರಿಸಿದ್ದ. ಒಂದು, 1989ರ ಸಿ ಭಾಷೆಯ ಪ್ರಕಾರ ಓದು ಎನ್ನುವ ಆಯ್ಕೆ. ಇನ್ನೊಂದು, ಎಲ್ಲ ಎಚ್ಚರಿಕೆಗಳನ್ನೂ ಮುಚ್ಚಿಬಿಡುವ ಡಬ್ಲ್ಯೂ ಆಯ್ಕೆ. ಮತ್ತೊಂದು, ಒಂದೇ ಹೆಸರಿನ ಚಲಕ (ವೇರಿಯಬಲ್) ಎರಡು ಫೈಲುಗಳಲ್ಲಿ ಹುಟ್ಟಿದರೂ ಫೈಲುಗಳನ್ನು ಬೆಸೆಯುವ ಲಿಂಕರ್ ಒಂದಾಗಿಸಲಿ ಎನ್ನುವ ಎಫ್‌ಕಾಮನ್ ಆಯ್ಕೆ. ಸಾಲದ್ದಕ್ಕೆ, ಯಾಕ್ ಹುಟ್ಟಿಸಿದ ಸಿ ಫೈಲಿನೊಳಗೇ ನಾಲ್ಕಾರು ಸಾಲುಗಳನ್ನು ಕೈಯಾರೆ ತಿದ್ದಿದ್ದ. ನಿಯಮದ ಸಾಲು ಹೇಗಿರಬೇಕೆಂದು ಯಾಕ್‌ಗೆ ಬರೆದುಕೊಡುವ ವ್ಯಾಕರಣದ ಫೈಲನ್ನು ಮುಟ್ಟಿದ ಕೂಡಲೇ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಹುಟ್ಟಿಸಿದ ಫೈಲು ಅಚ್ಚಿನಿಂದ ಬಂದ ಹಾಳೆ. ತಪ್ಪಿದ್ದರೆ ಅಚ್ಚಿನ ಮೊಳೆ ತಿದ್ದಬೇಕು. ಅವನ ತಪ್ಪೇನೂ ಇಲ್ಲ. ಹುಡುಕಿದರೆ ಮೊದಲು ಸಿಗುವ ಸಲಹೆಗಳು ಇವೇ.

ಮೊದಲು ತಪ್ಪು ಹುಡುಕುವ ಸಾಧನವಾದ ಡೀಬಗರಿನಲ್ಲಿ ಓಡಿಸಿ ಬಿದ್ದ ಜಾಗ ನೋಡಿದೆವು. ಲೆಕ್ಸರ್ ಒಂದು ಅಕ್ಷರವನ್ನು ಗುರುತಿಸಿದಾಗ ಮೇಕ್‌ಲೀಫ್ ಎಂಬ ಫಂಕ್ಷನ್ನನ್ನು ಕರೆದು, ನಿಯಮವನ್ನು ಕವಲುಕವಲಾಗಿ ಹಿಡಿದಿಡುವ ಮರದಂಥ ರಚನೆಯ ಒಂದು ಎಲೆಯನ್ನು ಮೆಮೊರಿಯಲ್ಲಿ ಮಾಡಿಸಿಕೊಂಡು, ಅದರ ವಿಳಾಸವನ್ನು ವೈವೈಲ್ವಾಲ್ ಎಂಬ ಚಲಕದಲ್ಲಿ ಇಡುತ್ತದೆ. ಪಾರ್ಸರ್ ಅಲ್ಲಿಂದ ಎತ್ತಿಕೊಳ್ಳುತ್ತದೆ. ಮೇಕ್‌ಲೀಫಿನ ಒಳಗೆ ನಿಂತು ನೋಡಿದಾಗ ಎಲೆಯ ವಿಳಾಸ ಹದಿನಾರಂಕ ಪದ್ಧತಿಯಲ್ಲಿ 5555 5556 0310 ಎಂದಿತ್ತು. ಪಾರ್ಸರಿನ ಕೈಗೆ ಬಂದದ್ದು 5556 0310. ಮೊದಲ ನಾಲ್ಕು ಅಂಕಿಗಳು ದಾರಿಯಲ್ಲಿ ಉದುರಿಹೋಗಿದ್ದವು. ಆ ಮೋಟು ವಿಳಾಸದಲ್ಲಿ ಯಾವ ಮನೆಯೂ ಇಲ್ಲ, ಆದ್ದರಿಂದ ಬಾಗಿಲು ತಟ್ಟಿದ ಕ್ಷಣವೇ ಪ್ರೋಗ್ರಾಂ ಸತ್ತಿತು. ನಾನು ಆ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದೆ. ಅವನಿಗೆ ಅರ್ಧ ವಿಷಯ ಅಲ್ಲೇ ಹೊಳೆಯಿತು.

ಉದುರಿದ್ದು ಎಲ್ಲಿ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕ್ ಹುಟ್ಟಿದ್ದು 1970ರ ದಶಕದಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ, ಸ್ಟೀಫನ್ ಜಾನ್ಸನ್ ಅವರ ಕೈಯಲ್ಲಿ. ಅದರ ಜೋಡಿಯಾದ ಲೆಕ್ಸ್ ಬರೆದವರು ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್. ಆಗಿನ ಸಿ ಭಾಷೆಯಲ್ಲಿ ಟೈಪ್, ಅಂದರೆ ಬೆಲೆಯ ಬಗೆ, ಹೇಳದೆ ಬಿಟ್ಟರೆ ಅದು ಇಂಟ್, ಅಂದರೆ ಸಾಮಾನ್ಯ ಪೂರ್ಣಾಂಕ. ಪರಿಚಯವೇ ಇಲ್ಲದ ಫಂಕ್ಷನ್ನನ್ನು ಕರೆದರೂ ಕಂಪೈಲರ್ ‘ಇದು ಇಂಟ್ ಕೊಡುತ್ತದೆ’ ಎಂದು ತಾನೇ ಊಹಿಸಿಕೊಳ್ಳುತ್ತಿತ್ತು. 1999ರ ಮಾನಕ ಈ ಎರಡೂ ಸೌಕರ್ಯಗಳನ್ನು ತೆಗೆದುಹಾಕಿತು. ಆದರೆ ಕಂಪೈಲರುಗಳು ಎಚ್ಚರಿಕೆಯನ್ನಷ್ಟೇ ಕೊಟ್ಟು ಮುಂದೆ ಹೋಗುವುದನ್ನು ದಶಕಗಳ ಕಾಲ ಬಿಡಲಿಲ್ಲ. ಕ್ಲ್ಯಾಂಗ್ ಎಂಬ ಕಂಪೈಲರಿನ 16ನೆಯ ಆವೃತ್ತಿ, 2023ರಲ್ಲಿ, ಇವುಗಳನ್ನು ದೋಷವೆಂದು ತಡೆಯಿತು. ಜಿಸಿಸಿ 14, 2024ರಲ್ಲಿ, ಅದೇ ದಾರಿ ಹಿಡಿಯಿತು. ಹಳೆಯ ಯಾಕ್ ಫೈಲುಗಳು ಒಂದೇ ಸಮನೆ ಮುರಿದುಬೀಳತೊಡಗಿದ್ದು ಹೀಗೆ.

ನಮ್ಮ ಲೆಕ್ಸರಿನಲ್ಲಿ ಮೇಕ್‌ಲೀಫಿನ ಪ್ರೊಟೊಟೈಪ್, ಅಂದರೆ ಅದು ಏನು ಪಡೆದು ಏನು ಕೊಡುತ್ತದೆ ಎಂಬ ಘೋಷಣೆ, ಇರಲಿಲ್ಲ. ಹಳೆಯ ನಿಯಮದಂತೆ ಕಂಪೈಲರ್ ಅದನ್ನು ಇಂಟ್ ಎಂದುಕೊಂಡಿತು. 64 ಬಿಟ್ ಲಿನಕ್ಸಿನಲ್ಲಿ ಪಾಯಿಂಟರಿಗೆ (ಮೆಮೊರಿಯ ವಿಳಾಸಕ್ಕೆ) 8 ಬೈಟ್, ಇಂಟ್‌ಗೆ 4 ಬೈಟ್. ಎಂಟರಲ್ಲಿ ನಾಲ್ಕು ಉದುರಿದ್ದು ಮೊದಲು ಇಲ್ಲಿ.

ಇದಿಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಎರಡನೆಯ ತೂತು ಇನ್ನೂ ಆಳದಲ್ಲಿತ್ತು. ವ್ಯಾಕರಣ ಫೈಲಿನ ತಲೆಭಾಗದಲ್ಲಿ ಮೂಲ ಲೇಖಕರು ವೈವೈಎಸ್‌ಟೈಪ್ ಎಂಬ ಮ್ಯಾಕ್ರೊವನ್ನು ‘ಮರದ ಗಂಟಿನ ಪಾಯಿಂಟರ್’ ಎಂದು ಡಿಫೈನ್ ಮಾಡಿದ್ದರು. ಪಾರ್ಸರಿನ ಮಟ್ಟಿಗೆ ವೈವೈಲ್ವಾಲ್ ಪಾಯಿಂಟರ್. ಆದರೆ ತಲೆಭಾಗದ ಆ ಸಾಲು ಹುಟ್ಟಿದ ಸಿ ಫೈಲಿಗೆ ಮಾತ್ರ ಹೋಗುತ್ತದೆ, ಬೇರೆ ಫೈಲುಗಳು ಓದಲೆಂದು ಘೋಷಣೆಗಳನ್ನು ಇಡುವ ಹೆಡರಿಗೆ ಹೋಗುವುದಿಲ್ಲ. ಹೆಡರಿನಲ್ಲಿ ಬೈಸನ್ (ಯಾಕ್‌ನ ಜಾಗದಲ್ಲಿ ಈಗ ಬಳಸುವ ಸಾಧನ) ಬರೆಯುವುದು ಬೇರೆ: ವೈವೈಎಸ್‌ಟೈಪ್ ಈಗಾಗಲೇ ಇಲ್ಲದಿದ್ದರೆ ಅದು ಇಂಟ್. ಲೆಕ್ಸರ್ ಓದುವುದು ಆ ಹೆಡರನ್ನೇ. ಹೀಗಾಗಿ ಒಂದೇ ಚಲಕ ಪಾರ್ಸರಿಗೆ 8 ಬೈಟಿನ ಪಾಯಿಂಟರ್, ಲೆಕ್ಸರಿಗೆ 4 ಬೈಟಿನ ಪೂರ್ಣಾಂಕ. ಎರಡು ಫೈಲುಗಳನ್ನು ಬೇರೆಬೇರೆಯಾಗಿ ಓದುವ ಕಂಪೈಲರಿಗೆ ಇದು ಕಾಣುವುದಿಲ್ಲ. ಹೆಸರು ಹೊಂದಿದರೆ ಸಾಕೆನ್ನುವ ಲಿಂಕರಿಗೂ ಕಾಣುವುದಿಲ್ಲ.

ಈಗ ಲೆಕ್ಸರಿನ ಆ ಒಂದು ಸಾಲನ್ನು ಕಂಪೈಲರಿನ ಕಣ್ಣಿನಿಂದ ನೋಡಿ. ವೈವೈಲ್ವಾಲ್ = ಮೇಕ್‌ಲೀಫ್(...). ಬಲಗಡೆ ಇಂಟ್, ಎಡಗಡೆ ಇಂಟ್. ಎರಡೂ ಸುಳ್ಳು, ಆದರೆ ಒಂದಕ್ಕೊಂದು ಸಾಕ್ಷಿ. ಸಾಲಿನ ಜೋಡಣೆಯಲ್ಲಿ ಕಂಪೈಲರಿಗೆ ಯಾವ ತಕರಾರೂ ಇಲ್ಲ. ‘ಮೇಕ್‌ಲೀಫ್ ಘೋಷಣೆಯಾಗಿಲ್ಲ’ ಎಂಬ ಒಂದೇ ಒಂದು ಎಚ್ಚರಿಕೆ ಬರುತ್ತಿತ್ತು, ಅದನ್ನೂ ಡಬ್ಲ್ಯೂ ಆಯ್ಕೆ ಮುಚ್ಚಿತ್ತು.

ಪ್ರೊಟೊಟೈಪ್ ಸೇರಿಸಿದ ಕೂಡಲೇ ಆ ಎಚ್ಚರಿಕೆ ಹೋಗಿ ಹೊಸದೊಂದು ಬಂತು: ಪಾಯಿಂಟರನ್ನು ಇಂಟ್‌ಗೆ ತುಂಬುತ್ತಿದ್ದೀರಿ. ಇದು ಜಿಸಿಸಿ 14ರಲ್ಲಿ ದೋಷ. “ಸರಿಮಾಡಿದರೆ ಜಾಸ್ತಿಯಾಯಿತಲ್ಲ ಸರ್” ಎಂದ ಯುವಕ. ಹೌದು, ಜಾಸ್ತಿಯಾಗಲೇಬೇಕು. ಎರಡು ಸುಳ್ಳುಗಳಲ್ಲಿ ಒಂದನ್ನು ನಿಜ ಮಾಡಿದಾಗ ಇನ್ನೊಂದು ಒಬ್ಬಂಟಿಯಾಗುತ್ತದೆ, ಆಗ ಮಾತ್ರ ಅದು ಸಿಕ್ಕಿಬೀಳುತ್ತದೆ. ಇಲ್ಲಿ ಮುಂದೆ ಹೋಗುವ ಬದಲು ಹಿಂದೆ ಸರಿದು ‘(ಇಂಟ್)’ ಎಂದು ಒಂದು ಕಾಸ್ಟ್, ಅಂದರೆ ‘ಇದನ್ನು ಈ ಟೈಪ್ ಎಂದೇ ತಿಳಿ’ ಎಂಬ ಅಪ್ಪಣೆ, ಹಾಕಿ ಮುಗಿಸುವವರೇ ಹೆಚ್ಚು. ಮೂಲ ಲೇಖಕರೂ ವ್ಯಾಕರಣ ಫೈಲಿನಲ್ಲಿ ಹಾಗೆಯೇ ಮಾಡಿದ್ದರು. ಮರದ ಗಂಟು ಮಾಡುವ ಮೇಕ್‌ನೋಡ್ ಫಂಕ್ಷನ್ನನ್ನು ಕರೆದ ಪ್ರತಿ ಕಡೆಯೂ ಪಾಯಿಂಟರಿನ ಕಾಸ್ಟ್ ಇತ್ತು. ಅವರ 32 ಬಿಟ್ ಯಂತ್ರದಲ್ಲಿ ಇಂಟ್ ಮತ್ತು ಪಾಯಿಂಟರ್ ಎರಡೂ 4 ಬೈಟ್, ಆದ್ದರಿಂದ ಆ ಕಾಸ್ಟ್ ಯಾರಿಗೂ ತೊಂದರೆ ಕೊಡಲಿಲ್ಲ. ಟೈಪ್ ದೋಷಕ್ಕೆ ಕಾಸ್ಟ್ ಹಾಕುವುದೆಂದರೆ ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟಂತೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಅಪವಾದವೂ ಈ ಕೆಲಸದಲ್ಲೇ ಸಿಕ್ಕಿತು, ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಸಂಗತಿ ನನ್ನನ್ನು ಕಾಡಿತು. ನಡುವೆ ಕೆಲವು ವರ್ಷ ಇದೇ ಪ್ರೋಗ್ರಾಂ ಒಂದು 64 ಬಿಟ್ ಯಂತ್ರದಲ್ಲೂ ಕಟ್ಟಿಸಿಕೊಂಡು ಓಡಿತ್ತಂತೆ. ಅದು ಹೇಗೆ? ಹಿಂದೆ ಪ್ರೋಗ್ರಾಮುಗಳನ್ನು ಮೆಮೊರಿಯ ತಳದಲ್ಲಿ, ನಿಗದಿತ ಜಾಗದಲ್ಲಿ ಇಳಿಸುತ್ತಿದ್ದರು. ಚಿಕ್ಕ ಚಿಕ್ಕ ತುಣುಕುಗಳಿಗೆ ಮೆಮೊರಿ ಸಿಗುವುದು ಅದರ ಪಕ್ಕದಲ್ಲೇ. ಅಲ್ಲಿನ ವಿಳಾಸಗಳು ಸಣ್ಣವು, 4 ಬೈಟಿನಲ್ಲಿ ಹಿಡಿಸುತ್ತಿದ್ದವು. ಮೇಲಿನ ನಾಲ್ಕು ಬೈಟ್ ಹೇಗೂ ಸೊನ್ನೆ, ಉದುರಿದರೆ ನಷ್ಟವಿಲ್ಲ. ಆಮೇಲೆ ಭದ್ರತೆಗಾಗಿ ಪ್ರೋಗ್ರಾಮನ್ನು ಎಲ್ಲಿ ಬೇಕಾದರೂ ಇಳಿಸಬಲ್ಲಂತೆ ಕಟ್ಟುವ ಪದ್ಧತಿ ಬಂತು. ಉಬುಂಟು 16.10 ಮತ್ತು 2017ರ ಡೆಬಿಯನ್ 9 ಅದನ್ನು ರೂಢಿಯ ಆಯ್ಕೆ ಮಾಡಿಕೊಂಡವು. ವಿಳಾಸಗಳು 5555 5555 ಎಂಬ ಎತ್ತರಕ್ಕೆ ಏರಿದವು, ಹಳೆಯ ತೂತು ಬಾಯಿಬಿಟ್ಟಿತು. ಅಲ್ಲಿಯವರೆಗೂ ಅದು ಅದೃಷ್ಟದಿಂದ ಓಡಿತ್ತು.

ದುರಸ್ತಿಗೆ ಮೊದಲು ಮೇಕ್‌ಫೈಲಿನ ಮೂರೂ ಆಯ್ಕೆಗಳನ್ನು ಕಿತ್ತುಹಾಕಿದೆವು, ಕೈಯಾರೆ ತಿದ್ದಿದ ಫೈಲನ್ನು ಅಳಿಸಿದೆವು. ಆಮೇಲೆ ಎಲ್ಲ ಟೈಪುಗಳನ್ನೂ ವ್ಯಾಕರಣ ಫೈಲಿನ ಒಂದೇ ಜಾಗದಲ್ಲಿ ಹೇಳಿದೆವು. ಮ್ಯಾಕ್ರೊ ತೆಗೆದು, ಬೇರೆಬೇರೆ ಟೈಪುಗಳನ್ನು ಒಂದೇ ಕಡೆ ಹೇಳುವ %ಯೂನಿಯನ್ ಬರೆದೆವು. ಅದರಲ್ಲಿ ಮೂರು ಸದಸ್ಯರು: ಗಂಟಿನ ಪಾಯಿಂಟರ್, ಸಂಖ್ಯೆ, ಪಠ್ಯ. ಯೂನಿಯನ್ ಬರೆದರೆ ಬೈಸನ್ ಅದನ್ನು ಹೆಡರಿಗೂ ಕಳಿಸುತ್ತದೆ, ಲೆಕ್ಸರಿಗೂ ಅದೇ ಸಿಗುತ್ತದೆ. ಒಂದು ತೊಡಕು ಬಂತು. ಲೆಕ್ಸರ್ ಆ ಹೆಡರನ್ನು ಮೊದಲು ಓದುತ್ತಿದ್ದರಿಂದ ಗಂಟಿನ ಟೈಪೇ ಅದಕ್ಕೆ ಗೊತ್ತಿರಲಿಲ್ಲ, ‘ಇಂಥ ಟೈಪ್ ಹೆಸರು ಇಲ್ಲ’ ಎಂಬ ದೋಷ ಬಂತು. ಹೆಡರುಗಳ ಕ್ರಮ ಬದಲಿಸಿದರೆ ಸದ್ಯಕ್ಕೆ ಸರಿಹೋಗುತ್ತದೆ, ಮುಂದೆ ಯಾರಾದರೂ ಮತ್ತೆ ಬದಲಿಸುತ್ತಾರೆ. ಅದಕ್ಕೆಂದೇ ಬೈಸನಿನಲ್ಲಿ %ಕೋಡ್ ರಿಕ್ವೈರ್ಸ್ ಎಂಬ ಭಾಗವಿದೆ. ಅದರೊಳಗೆ ಬರೆದದ್ದು ಹೆಡರಿನಲ್ಲಿ ಯೂನಿಯನ್ನಿಗಿಂತ ಮೇಲೆ ಹೋಗಿ ಕೂರುತ್ತದೆ. ಮರದ ಹೆಡರನ್ನು ಅಲ್ಲಿ ಸೇರಿಸಿದೆವು.

ಯೂನಿಯನ್ ಬಂದ ಮೇಲೆ ವ್ಯಾಕರಣದ ಪ್ರತಿ ಸಂಕೇತಕ್ಕೂ ಟೈಪ್ ಹೇಳಬೇಕು. ಹೇಳದಿದ್ದರೆ ಬೈಸನ್ ‘ಈ ನಿಯಮದ $1ಕ್ಕೆ ಘೋಷಿತ ಟೈಪ್ ಇಲ್ಲ’ ಎಂದು ಸಾಲುಸಾಲಾಗಿ ತಡೆಯುತ್ತದೆ. ಬೇಸರದ ಕೆಲಸ, ಆದರೆ ಪ್ರೋಗ್ರಾಮಿನ ಒಳಗನ್ನು ಇಷ್ಟು ಚೆನ್ನಾಗಿ ಕಲಿಸುವ ಕೆಲಸ ಬೇರೊಂದಿಲ್ಲ. ಪ್ರತಿ ಸಾಲಿನಲ್ಲೂ ‘ಇಲ್ಲಿ ಹರಿಯುತ್ತಿರುವುದು ಏನು?’ ಎಂದು ಕೇಳಿಕೊಳ್ಳಬೇಕಾಗುತ್ತದೆ. ಒಂದೆಡೆ ‘ಡಿಫಾಲ್ಟ್ ಕ್ರಿಯೆಯಲ್ಲಿ ಟೈಪ್ ಹೊಂದುತ್ತಿಲ್ಲ’ ಎಂದಿತು. ಕ್ರಿಯೆ ಬರೆಯದ ನಿಯಮಕ್ಕೆ ಯಾಕ್ ತಾನೇ $$ = $1, ಅಂದರೆ ಮೊದಲ ಭಾಗದ ಬೆಲೆಯೇ ನಿಯಮದ ಬೆಲೆ, ಎಂದು ಇಟ್ಟುಕೊಳ್ಳುತ್ತದೆ. ಸಂಖ್ಯೆಯೊಂದು ಗಂಟಿನ ಜಾಗಕ್ಕೆ ಹಾಗೆ ಸದ್ದಿಲ್ಲದೆ ನುಗ್ಗುತ್ತಿತ್ತು.

ಮುಂದಿನ ಎಚ್ಚರಿಕೆ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ‘ಟೈಪ್ ಇರುವ ಸಂಕೇತಕ್ಕೆ ಖಾಲಿ ನಿಯಮ, ಕ್ರಿಯೆಯೂ ಇಲ್ಲ.’ ಅದು ಷರತ್ತಿನ ನಿಯಮ. ಷರತ್ತು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎಂದು ವ್ಯಾಕರಣ ಹೇಳುತ್ತಿತ್ತು. ಇಲ್ಲದಿದ್ದಾಗ ಅದರ ಬೆಲೆ ಏನು ಎಂದು ಯಾರೂ ಹೇಳಿರಲಿಲ್ಲ. ಬೈಸನ್ ಹುಟ್ಟಿಸುವ ಫೈಲಿನಲ್ಲೇ ಈ ಜಾಗದ ಟಿಪ್ಪಣಿ ಇದೆ: ನಿಯಮದ ಉದ್ದ ಸೊನ್ನೆಯಾದರೆ ಮುಂದಿನ ಸಾಲು ಬೆಲೆಗೆ ಕಸ ತುಂಬುತ್ತದೆ. ‘ಗಾರ್ಬೇಜ್’ ಎಂಬ ಪದವನ್ನೇ ಬರೆದಿದ್ದಾರೆ. ಪಾರ್ಸರ್ ಬೆಲೆಗಳನ್ನು ಪೇರಿಸಿಡುವ ಸ್ಟ್ಯಾಕಿನ ಆ ಮನೆಯಲ್ಲಿ ಹಿಂದಿನ ಕೆಲಸದಿಂದ ಉಳಿದ ಯಾವುದೋ ಪಾಯಿಂಟರ್ ಷರತ್ತೆಂದು ಎಣಿಕೆಯಾಗುತ್ತಿತ್ತು.

ಹಾಗಿದ್ದರೆ ಇಪ್ಪತ್ತು ವರ್ಷ ಹೇಗೆ ನಡೆಯಿತು? ನಿಯಮಗಳ ಫೈಲನ್ನು ತೆರೆದು ನೋಡಿದೆ. ಬೇರೆ ಷರತ್ತು ಇಲ್ಲದ ಪ್ರತಿ ಸಾಲಿನ ಕೊನೆಯಲ್ಲೂ ‘ಎಲ್ಲೆಡೆ’ ಎಂಬ ಷರತ್ತು ಇತ್ತು. ಫೈಲಿನ ತಲೆಯಲ್ಲಿ ಹಳೆಯ ಟಿಪ್ಪಣಿಯೊಂದು: ಷರತ್ತು ಬರೆಯದೆ ಬಿಡಬೇಡಿ, ಕೆಲವೊಮ್ಮೆ ತಪ್ಪುತ್ತದೆ. ಕಾರಣ ತಿಳಿಯದಿದ್ದರೂ ಅನುಭವದಿಂದ ಕಂಡುಕೊಂಡ ಯಾರೋ ಬರೆದಿಟ್ಟದ್ದು. ಟೈಪ್ ಘೋಷಿಸದಿದ್ದಾಗ ಬೈಸನ್ ಈ ಎಚ್ಚರಿಕೆ ಕೊಡುವುದಿಲ್ಲ. ಬೆಲೆ ಬೇಕೋ ಬೇಡವೋ ಎಂದು ತಿಳಿಯಲು ಅದಕ್ಕೆ ದಾರಿಯಿಲ್ಲ. ಖಾಲಿ ನಿಯಮಕ್ಕೆ $$ = ನಲ್ ಎಂಬ ಒಂದು ಕ್ರಿಯೆ ಸೇರಿಸಿದೆವು. ಆ ಟಿಪ್ಪಣಿಯನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ, ಅದರ ಕೆಳಗೆ ಕಾರಣ ಬರೆದು ಉಳಿಸಿದೆ.

ಉಳಿದ ಸಣ್ಣಪುಟ್ಟವು ಬೇಗ ಮುಗಿದವು. ದೋಷ ವರದಿ ಮಾಡುವ ವೈವೈಎರರ್ ಹಳೆಯ ಶೈಲಿಯಲ್ಲಿ, ಮರಳಿಸುವ ಟೈಪ್ ಇಲ್ಲದೆ ಇತ್ತು. ಅದನ್ನು ಏನನ್ನೂ ಮರಳಿಸದ, ಕಾನ್ಸ್ಟ್ ಅಕ್ಷರಗಳ ಪಾಯಿಂಟರನ್ನು ಪಡೆಯುವ ಫಂಕ್ಷನ್ ಎಂದು ಬರೆದೆವು. ಲೆಕ್ಸರಿನ ಫಂಕ್ಷನ್ ಆದ ವೈವೈಲೆಕ್ಸ್ ಮತ್ತು ವೈವೈಎರರ್ ಎರಡರ ಪ್ರೊಟೊಟೈಪನ್ನೂ ವ್ಯಾಕರಣದ ತಲೆಭಾಗದಲ್ಲಿ ಇಟ್ಟೆವು. ಫ್ಲೆಕ್ಸ್ (ಲೆಕ್ಸ್‌ನ ಜಾಗದಲ್ಲಿ ಈಗ ಬಳಸುವ ಸಾಧನ) ತಾನೇ ಹುಟ್ಟಿಸಿ ಯಾರೂ ಬಳಸದ ಎರಡು ಫಂಕ್ಷನ್ನುಗಳ ಬಗ್ಗೆ ಬರುತ್ತಿದ್ದ ಗೊಣಗಾಟ ನೋ-ಇನ್‌ಪುಟ್, ನೋ-ಅನ್‌ಪುಟ್ ಆಯ್ಕೆಗಳಿಂದ ನಿಂತಿತು. ಸಾಲಿನ ಸಂಖ್ಯೆ ಎಣಿಸುವ ಚಲಕ ಎಕ್ಸ್‌ಟರ್ನ್ (‘ಇದು ಬೇರೆಡೆ ಹುಟ್ಟಿದೆ’ ಎಂಬ ಸೂಚನೆ) ಇಲ್ಲದೆ ಹೆಡರಿನಲ್ಲೇ ಹುಟ್ಟುತ್ತಿತ್ತು, ಹೆಡರ್ ಓದಿದ ಪ್ರತಿ ಫೈಲಿನಲ್ಲೂ ಒಂದೊಂದು. ಜಿಸಿಸಿ 10ರಿಂದ ಇದು ಲಿಂಕ್ ದೋಷ. 2020ರಲ್ಲಿ ಲಿನಕ್ಸ್ ಕರ್ನಲ್ಲಿನ ಡಿವೈಸ್ ಟ್ರೀ ಕಂಪೈಲರಿನ ಲೆಕ್ಸರೂ ಇಂಥದ್ದೇ ಒಂದು ಹೆಚ್ಚುವರಿ ವೈವೈಲಾಕ್ ಸಾಲಿನಿಂದ ಬಹಳ ಜನರನ್ನು ನಿಲ್ಲಿಸಿತ್ತು. ಅಲ್ಲಿ ಪರಿಹಾರ ಆ ಸಾಲನ್ನು ತೆಗೆಯುವುದಾಗಿತ್ತು. ನಾವು ಎಕ್ಸ್‌ಟರ್ನ್ ಸೇರಿಸಿ, ಚಲಕವನ್ನು ಒಂದೇ ಫೈಲಿನಲ್ಲಿ ಹುಟ್ಟಿಸಿದೆವು. ಮೇಕ್‌ಫೈಲಿನಲ್ಲಿ ಲೆಕ್ಸರ್ ಹೆಡರನ್ನು ಅವಲಂಬಿಸಿದೆ ಎಂಬ ಸಾಲೂ ಇರಲಿಲ್ಲ, ಅದನ್ನೂ ಬರೆದೆವು.

ಜಿಸಿಸಿ 15ರಲ್ಲೂ ಕಟ್ಟಿ ನೋಡೋಣ ಎಂದು ನಾನೇ ಹಟ ಹಿಡಿದೆ. 2025ರಲ್ಲಿ ಬಂದ ಆ ಆವೃತ್ತಿ ಏನೂ ಹೇಳದಿದ್ದರೆ 2023ರ ಸಿ ಮಾನಕವನ್ನು ಹಿಡಿಯುತ್ತದೆ. ಆ ಮಾನಕದಲ್ಲಿ ಫಂಕ್ಷನ್ ಹೆಸರಿನ ಮುಂದೆ ಖಾಲಿ ಆವರಣ ಎಂದರೆ ‘ಯಾವ ಆರ್ಗ್ಯುಮೆಂಟೂ ಇಲ್ಲ’. ಹಿಂದೆ ಅದರ ಅರ್ಥ ‘ಹೇಳಿಲ್ಲ’ ಎಂದಷ್ಟೇ ಇತ್ತು. ಮರವನ್ನು ಸುತ್ತುವ ಕೋಡಿನಲ್ಲಿ ಖಾಲಿ ಆವರಣದ ಫಂಕ್ಷನ್ ಪಾಯಿಂಟರುಗಳ ಪಟ್ಟಿಯೊಂದಿತ್ತು. ಕರೆದ ಪ್ರತಿ ಜಾಗದಲ್ಲೂ ‘ಆರ್ಗ್ಯುಮೆಂಟ್ ಹೆಚ್ಚಾಯಿತು’ ಎಂಬ ದೋಷ. ಪೂರ್ತಿ ಟೈಪ್ ಬರೆದಾಗ ಪಟ್ಟಿಯ ಒಂದು ಫಂಕ್ಷನ್ ಎರಡರ ಬದಲು ಮೂರು ಆರ್ಗ್ಯುಮೆಂಟ್ ಕೇಳುತ್ತಿದ್ದದ್ದೂ ಹೊರಬಿತ್ತು.

ಆಗ ಉಳಿದದ್ದು ಒಂದೇ ಎಚ್ಚರಿಕೆ: ‘ಪಟ್ಟಿಯ ಸೂಚ್ಯಂಕದ ಟೈಪ್ ಕ್ಯಾರ್’. ಲೆಕ್ಸರ್ ಪ್ರತಿ ಬೈಟನ್ನೂ ತೆಗೆದುಕೊಂಡು 256 ಮನೆಗಳ ಪಟ್ಟಿಯಲ್ಲಿ ಅದು ಅಕ್ಷರವೋ, ಜಾಗವೋ, ಚಿಹ್ನೆಯೋ ಎಂದು ನೋಡುತ್ತಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಇದರಿಂದ ಕೇಡಿಲ್ಲ, ಅವೆಲ್ಲ 128ರ ಒಳಗಿವೆ. ಕನ್ನಡದ ಅಕ್ಷರ ಯುಟಿಎಫ್-8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ, ಮೂರೂ 128 ಅಥವಾ ಅದಕ್ಕಿಂತ ದೊಡ್ಡವು. ಞ ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ: 224, 178, 158. ಇಂಟೆಲ್ ಮಾದರಿಯ ಯಂತ್ರಗಳ ಲಿನಕ್ಸಿನಲ್ಲಿ ಕ್ಯಾರ್ ಎಂಬುದು ಋಣ ಸಂಖ್ಯೆಯನ್ನೂ ಹಿಡಿಯುವ ಟೈಪ್. ಅಲ್ಲಿ 158 ಎಂದರೆ −98. ಪಟ್ಟಿಯ 158ನೆಯ ಮನೆಗೆ ಹೋಗಬೇಕಾದವನು ಪಟ್ಟಿ ಶುರುವಾಗುವ ಮೊದಲೇ 98 ಮನೆ ಹಿಂದೆ ಹೋಗಿ ಯಾರದೋ ಬಾಗಿಲು ತೆರೆಯುತ್ತಿದ್ದ. ಹಿಂದಿನ ಮನೆಗಳಲ್ಲಿ ಬಹುಪಾಲು ಸೊನ್ನೆ ಇದ್ದವು, ಸೊನ್ನೆ ಎಂದರೆ ‘ಅಕ್ಷರ’, ಹಾಗಾಗಿ ಬಚಾವಾಗಿತ್ತು.

ನಾನು ಹೇಳಿದ ಅಪವಾದ ಇದು. ಇಲ್ಲಿ ಕಾಸ್ಟೇ ಸರಿಯಾದ ಮದ್ದು: ಬೈಟನ್ನು ಅನ್‌ಸೈನ್ಡ್ ಕ್ಯಾರ್ ಎಂದು ಓದಿಸುವುದು. ಫ್ಲೆಕ್ಸ್ ತನ್ನ ಒಳಗಿನ ಪಟ್ಟಿಗಳಿಗೂ ಇದನ್ನೇ ಮಾಡಿಕೊಳ್ಳುತ್ತದೆ. ಮೊದಲಿನ ಕಾಸ್ಟ್ ಪಾಯಿಂಟರನ್ನು ಅದಲ್ಲದ್ದೆಂದು ಹೇಳುತ್ತಿತ್ತು. ಈ ಕಾಸ್ಟ್ ಬೈಟನ್ನು ಅದು ಇರುವಂತೆಯೇ ಹೇಳುತ್ತದೆ.

ಪರೀಕ್ಷೆಗೆ ಮೂರು ದಾರಿ ಹಿಡಿದೆವು. ಮೊದಲನೆಯದು, ಕುತೂಹಲಕ್ಕೆ ಹಳೆಯ ಕೋಡನ್ನೇ ಲಿಂಕ್ ಹೊತ್ತಿನ ಆಪ್ಟಿಮೈಸೇಶನ್ ಆಯ್ಕೆಯಿಂದ ಕಟ್ಟಿದ್ದು. ಆಗ ಎಲ್ಲ ಫೈಲುಗಳನ್ನೂ ಒಟ್ಟಿಗೆ ನೋಡುವ ಜಿಸಿಸಿ ‘ವೈವೈಲ್ವಾಲ್‌ನ ಟೈಪ್ ಮೂಲ ಘೋಷಣೆಯೊಂದಿಗೆ ಹೊಂದುತ್ತಿಲ್ಲ’ ಎಂದು ನೇರವಾಗಿ ಹೇಳಿತು. ಇದನ್ನು ಮೊದಲೇ ಮಾಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಎರಡನೆಯದು, ಓಡುವಾಗಲೇ ತಪ್ಪು ಹಿಡಿಯುವ ಸ್ಯಾನಿಟೈಸರುಗಳನ್ನು ಹಾಕಿ ಓಡಿಸಿದ್ದು. ಕಾಸ್ಟ್ ಸೇರಿಸುವ ಮೊದಲು ಅದು −98 ಎಂಬ ಸೂಚ್ಯಂಕವನ್ನು ಹೆಸರಿಟ್ಟು ತೋರಿಸಿತು, ಸೇರಿಸಿದ ಮೇಲೆ ಮೌನವಾಯಿತು. ಎಲ್ಲ ಎಚ್ಚರಿಕೆಯನ್ನೂ ದೋಷವಾಗಿಸುವ ಆಯ್ಕೆಯನ್ನು ನಮ್ಮ ಪರೀಕ್ಷೆಗೆ ಮಾತ್ರ ಬಳಸಿದೆವು, ಮೇಕ್‌ಫೈಲಿನಲ್ಲಿ ಬಿಡಲಿಲ್ಲ. ಮುಂದಿನ ಕಂಪೈಲರ್ ಹೊಸ ಎಚ್ಚರಿಕೆ ಕಲಿತುಕೊಂಡು ಬಂದ ದಿನ ಕಚೇರಿಯ ಕೆಲಸ ನಿಲ್ಲುವುದು ನನಗೆ ಬೇಕಿರಲಿಲ್ಲ.

ಮೂರನೆಯದು, ಹಳೆಯ ಯಂತ್ರ ಹೊರಡಿಸಿ ಉಳಿಸಿಕೊಂಡಿದ್ದ ಯೂನಿಕೋಡ್ ಫೈಲುಗಳನ್ನು ಹೊಸ ಪ್ರೋಗ್ರಾಮಿನ ಫಲಿತಾಂಶದೊಂದಿಗೆ ಸಾಲು ಸಾಲಾಗಿ ಹೋಲಿಸಿದ್ದು. ಬಹುತೇಕ ಎಲ್ಲವೂ ಒಂದೇ. ವ್ಯತ್ಯಾಸ ಬಂದ ಸಾಲುಗಳಲ್ಲೆಲ್ಲ ವಿಜ್ಞಾನ, ಆಜ್ಞೆ, ಯಜ್ಞ, ಪ್ರಜ್ಞೆ ಇಂಥ ಪದಗಳು. ಹಳಗನ್ನಡದ ಪುಸ್ತಕವೊಂದರಲ್ಲಿ ೞಕಾರ ಇರುವ ಪದಗಳೂ ಇದ್ದವು. ೞಕಾರದ ಬೈಟುಗಳು 224, 179, 158. ಕೊನೆಯ ಬೈಟ್ ಞಕಾರದ್ದೇ. ಹಳೆಯ ಯಂತ್ರದಲ್ಲಿ ಆ −98ನೆಯ ಮನೆಯಲ್ಲಿ ಸೊನ್ನೆ ಇರಲಿಲ್ಲ, ಬೇರೊಂದು ಪಟ್ಟಿಯ ಅಂಕಿ ಇತ್ತು. ಲೆಕ್ಸರ್ ಅದನ್ನು ‘ಜಾಗ’ ಎಂದು ಓದಿ ಅಕ್ಷರವನ್ನು ಕೊನೆಯ ಬೈಟಿನಲ್ಲಿ ಕತ್ತರಿಸುತ್ತಿತ್ತು. ಪುಟದಲ್ಲಿ ಅಲ್ಲಿ ಒಂದು ಖಾಲಿ ಚೌಕ.

ಆ ಸಾಲುಗಳ ಪಟ್ಟಿಯನ್ನು ಮುದ್ರಿಸಿಕೊಂಡು ಕರಡು ತಿದ್ದುವ ಹಿರಿಯರ ಮೇಜಿಗೆ ಹೋದೆ. ಅವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಓದಲಿಲ್ಲ. ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದು ಮೊದಲ ಪುಟ ತೆರೆದರು. ಹೊಸ ಕಡತ ಬಂದಾಗಲೆಲ್ಲ ಮೊದಲು ಹುಡುಕಬೇಕಾದ ಪದಗಳು ಎಂದು ಮೇಲೆ ಬರೆದಿತ್ತು. ಕೆಳಗೆ ಮೊದಲ ಪದ ‘ವಿಜ್ಞಾನ’. “ಇನ್ನು ಇದನ್ನು ನೋಡುವುದು ಬೇಡವೇ?” ಎಂದರು. ಬೇಡ ಎಂದೆ. ಪೆನ್ಸಿಲಿನಿಂದ ಆ ಪುಟಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಅಂದಿನ ತಾರೀಖು ಹಾಕಿದರು.